ಶಿಶುಪಾಲನ ಲೈಸೆನ್ಸ್

ನಮ್ಮೂರ ಹೆಸರಿನ ಬಾಲಕ್ಕೇ ಒಂದು ಕಟ್ಟಿ ಇದೆ: ಲಕ್ಕಲಕಟ್ಟಿ. ಹೆಸರಿನಲ್ಲೇ ಕಟ್ಟಿ ಇಟ್ಟುಕೊಂಡ ಊರಿನಲ್ಲಿ ಸಂಜೆ ಹೊತ್ತು ನಾಲ್ಕು ಮಂದಿ ಕೂಡಿ ಕೂತು ಮಾತಾಡದಿದ್ದರೆ ಹೆಸರಿಗೇ ಅವಮಾನ ಎಂದು ನಂಬಿದವರು ನಾವು. ಆ ನಾಲ್ಕು ಮಂದಿಯಲ್ಲಿ ನಾನು ರಿಟೈರಾದ ಮಾಸ್ತರ. ಮೂವತ್ತು ವರ್ಷ ಅಂಕ ಕೊಟ್ಟು, ಅಂಕ ಕಡಿದು ಹೊಟ್ಟೆ ಹೊರೆದವನು. ಇನ್ನೊಬ್ಬರು ಕಿರಾಣಿ ಅಂಗಡಿಯವರು, ಉದ್ರಿ ಪುಸ್ತಕದ ಒಡೆಯರು. ಮೂರನೆಯವನು ಲಾರಿ ಡ್ರೈವರ್. ಒಣಮೆಣಸಿನಕಾಯಿ, ಉಳ್ಳಾಗಡ್ಡಿ ಹೇರಿಕೊಂಡು ಹೈದರಾಬಾದ್ ಕಡೆ ಹೋಗಿ ಬರುವವ. ನಾಲ್ಕನೆಯವರು ಹಗೇವು ಕಾಕಾ. ಆ ಹೆಸರು ಅವರಿಗೆ ಹೇಗೆ ಬಂತೆಂಬುದನ್ನು ಆಮೇಲೆ ಹೇಳುತ್ತೇನೆ.

ಮೊನ್ನೆ ನಮ್ಮ ಅಕ್ಕನ ಮಗ ಗಜೇಂದ್ರಗಡಕ್ಕೆ ಹೋದವನು ಮುಖ ಜೋಲು ಬಿಟ್ಟುಕೊಂಡು ಬಂದ.

"ಮಾವಾ, ಐನೂರು ಹೋತು."

"ಎಲ್ಲಿ ಬಿತ್ತೋ?"

"ಬೀಳಲಿಲ್ಲ, ಕಿತಗೊಂಡ್ರು. ಹೆಲ್ಮೆಟ್ ಕೇಸು."

"ಹೆಲ್ಮೆಟ್ ಇತ್ತಲ್ಲ ನಿಂದು?"

"ಇತ್ತು. ಟಾಕಿ ಮ್ಯಾಲೆ ಇತ್ತು."

ತಲೆ ಒಡೆದರೆ ಹೊಲಿಸಬಹುದು, ಪೆಟ್ರೋಲ್ ಟಾಕಿ ಒಡೆದರೆ ಹೊಸದು ತರಬೇಕು ಎಂಬ ಲೆಕ್ಕಾಚಾರವೋ ಏನೋ, ನಮ್ಮ ಕಡೆ ಹುಡುಗರು ಹೆಲ್ಮೆಟ್ಟನ್ನು ಟಾಕಿಗೆ ಹಾಕುತ್ತಾರೆ. ಪೊಲೀಸರು ಕಂಡಾಗ ಅದು ತಲೆಗೇರುತ್ತದೆ. ನಮ್ಮ ಅಳಿಯನ ಸಿಟ್ಟು ಪೊಲೀಸರ ಮೇಲೂ ಇರಲಿಲ್ಲ, ತನ್ನ ಮೇಲಂತೂ ಇಲ್ಲವೇ ಇಲ್ಲ. "ಎದುರಿಗೆ ಅಷ್ಟು ಗಾಡಿ ಬಂದುವು ಮಾವಾ, ಒಬ್ಬನರ ಲೈಟ್ ಹೊಡದಾನೇನು? ಮುಂದ ಹಿಡಿಯಾಕತ್ತಾರ ಅಂತ ಒಂದು ಮಾತು ಹೇಳಿದ್ರ ಅವ್ರ ಗಂಟೇನು ಹೋಗ್ತಿತ್ತು? ಮಂದಿ ಕೆಟ್ಟು ಹೋಗ್ಯಾರ." ಇದೂ ಒಂದು ರಸ್ತೆ ಧರ್ಮ. ಎದುರು ಬರುವವನ ಹೆಡ್‌ಲೈಟು ಎರಡು ಸಲ ಮಿಟುಕಿದರೆ ಮುಂದೆ ತಪಾಸಣೆ ಇದೆ ಎಂದರ್ಥ. ಜಾತಿ, ಪಕ್ಷ, ಹೊಲದ ಬದುವಿನ ಜಗಳ ಯಾವುದನ್ನೂ ನೋಡದೆ ನಮ್ಮ ಜನ ಒಗ್ಗಟ್ಟಾಗಿರುವ ಏಕೈಕ ವಿಷಯ ಇದು.

ಅಂಗಡಿಯವರು ಸಮಾಧಾನ ಹೇಳಿದರು. "ಇರಲಿ ಬಿಡಪ್ಪಾ, ರೊಕ್ಕಾ ಕೊಟ್ಟಿ, ಚುಕ್ತಾ ಆತು."

ಆ 'ಚುಕ್ತಾ' ಎಂಬ ಶಬ್ದವೇ ಅಂದಿನ ಹರಟೆಗೆ ಕಾರಣ. ಲಾರಿ ಡ್ರೈವರ್ ನಕ್ಕುಬಿಟ್ಟ. "ನಮ್ಮ ಕಡೆ ಚುಕ್ತಾ ಆಗತೈತಿ ಅಂತ ಖುಷಿ ಪಡ್ರಿ. ಹೈದರಾಬಾದ್ ಕಡೆ ಒಂದು ಟೈಮಿಗೆ ದಂಡ ಕೊಟ್ರೂ ಚುಕ್ತಾ ಆಗ್ತಿರಲಿಲ್ಲ. ಪಾಯಿಂಟ್ ಬರ್ಕೋತಿದ್ರು."

ನಿಜ. ತೆಲಂಗಾಣ ಸರ್ಕಾರ 2017ರ ಆಗಸ್ಟ್ 1ರಿಂದ ಇಂಥ ಒಂದು ಪದ್ಧತಿ ಶುರು ಮಾಡಿತ್ತು. ಹೆಲ್ಮೆಟ್ ಇಲ್ಲದಿದ್ದರೆ ದಂಡದ ಜೊತೆಗೆ ಒಂದು ಪಾಯಿಂಟು. ಎದುರು ದಿಕ್ಕಿನಿಂದ ನುಗ್ಗಿದರೆ ಎರಡು. ಕುಡಿದು ಬೈಕ್ ಹೊಡೆದರೆ ಮೂರು, ಕುಡಿದು ಕಾರೋ ಲಾರಿಯೋ ಹೊಡೆದರೆ ನಾಲ್ಕು, ಮಂದಿ ತುಂಬಿಕೊಂಡ ಬಸ್ಸನ್ನು ಕುಡಿದು ಹೊಡೆದರೆ ಐದು. ಇಪ್ಪತ್ನಾಲ್ಕು ತಿಂಗಳೊಳಗೆ ಒಟ್ಟು ಹನ್ನೆರಡು ತುಂಬಿದರೆ ಲೈಸೆನ್ಸು ಒಂದು ವರ್ಷ ಬಂದ್. ಎಲ್‌ಎಲ್‌ಆರ್ ಮೇಲೆ ಕಲಿಯುತ್ತಿರುವವನಿಗೆ ಐದಕ್ಕೇ ಮುಗಿಯಿತು. ನನ್ನ ಮಾಸ್ತರ ಬುದ್ಧಿಗೆ ಈ ಪಟ್ಟಿ ಬಹಳ ಹಿಡಿಸಿತು. ಕುಡಿತ ಒಂದೇ ಆದರೂ ಕುಡಿದವನ ಹಿಂದೆ ಎಷ್ಟು ಜೀವ ಕೂತಿವೆ ಎಂದು ನೋಡಿ ಅಂಕ ಹಾಕಿದ್ದಾರಲ್ಲ, ಅದು ಪೇಪರ್ ತಿದ್ದಿ ಪಳಗಿದ ಕೈ.

"ಮಾಸ್ತರ, ಇದು ಹೊಸಾದೇನಲ್ಲ," ಎಂದರು ಹಗೇವು ಕಾಕಾ. "ಶಿಶುಪಾಲಗ ಕೃಷ್ಣ ಇದನ್ನ ಮಾಡಿದ್ದು."

ಕಟ್ಟಿಯ ಮೇಲೆ ಇಂಥ ಮಾತು ಬಿದ್ದಾಗ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಕಾಕಾ ವಯಸ್ಸಿನಲ್ಲಿದ್ದಾಗ ಬಯಲಾಟದಲ್ಲಿ ಪಾತ್ರ ಹಾಕಿದವರು, ಕಿರೀಟ ಇಟ್ಟವರು. ಅವರ ಮಾತು ತೆಗೆದುಹಾಕುವ ಹಾಗಿಲ್ಲ. ನಾನು ಯೋಚಿಸಿದೆ. ಹೌದಲ್ಲ! ಕೃಷ್ಣ ತನ್ನ ಸೋದರತ್ತೆಗೆ ಮಾತು ಕೊಟ್ಟಿದ್ದ: ನಿನ್ನ ಮಗನ ನೂರು ತಪ್ಪು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಧರ್ಮರಾಯನ ರಾಜಸೂಯದಲ್ಲಿ ಅಗ್ರಪೂಜೆ ಕೃಷ್ಣನಿಗೆ ಸಂದದ್ದೇ ತಡ, ಶಿಶುಪಾಲ ಬಾಯಿಗೆ ಬಂದದ್ದೆಲ್ಲ ಬೈದ. ಕೃಷ್ಣ ಎಣಿಸುತ್ತ ಕೂತ. ನೂರು ದಾಟಿತು, ಚಕ್ರ ಹೊರಟಿತು. ಮಿತಿ ನಿಗದಿಯಾಗಿದೆ, ತಪ್ಪುಗಳು ಜಮಾ ಆಗುತ್ತವೆ, ಮಿತಿ ಮೀರಿದರೆ ಕ್ರಮ. ಇದೇ ಲೆಕ್ಕ ಹಿಡಿದ ಇಂಗ್ಲೆಂಡಿನವರು, ಜರ್ಮನಿಯವರು ಎಲ್ಲ ಆಮೇಲೆ ಬಂದವರು. ನಮ್ಮ ಕುಮಾರವ್ಯಾಸನೂ ಈ ಕಥೆ ಹೇಳಿದ್ದಾನೆ. ಅವನು ಕೂತು ಭಾರತ ಬರೆದನೆಂದು ಹೇಳುವ ವೀರನಾರಾಯಣ ಗುಡಿ ಇರುವ ಗದಗಿನಲ್ಲೇ ನಮಗೆ ಲೈಸೆನ್ಸ್ ಕೊಡುವ ಆರ್‌ಟಿಓ ಕಚೇರಿಯೂ ಇದೆ. ಕೆಎ-26. ಗಜೇಂದ್ರಗಡದಿಂದ ಐವತ್ತು ಕಿಲೋಮೀಟರಿನ ದಾರಿ. ಲೈಸೆನ್ಸಿಗೆಂದು ಹೋದವರು ಗುಡಿಗೂ ಹೋಗಿ ಬರುತ್ತಾರೆ. ಗುಡಿಯ ಕೆಲಸ ಬೇಗ ಆಗುತ್ತದೆ.

ಕೃಷ್ಣನ ಪದ್ಧತಿಯಲ್ಲಿ ಎರಡು ಕುಂದು ನನಗೆ ಕಂಡವು. ಒಂದು, ಲೆಕ್ಕ ಎಷ್ಟಕ್ಕೆ ಬಂತು ಎಂದು ಶಿಶುಪಾಲನಿಗೆ ನೋಟಿಸು ಹೋಗಲಿಲ್ಲ. ಕರಾರು ಆದದ್ದು ಅವನ ತಾಯಿಯ ಜೊತೆ. ಎಪ್ಪತ್ತಾಯಿತು, ಎಂಬತ್ತಾಯಿತು, ತೊಂಬತ್ತೊಂಬತ್ತಾಯಿತು ಮಾರಾಯಾ ಎಂದು ಯಾರಾದರೂ ಅವನಿಗೆ ಹೇಳಿದ್ದರೆ ಮೇಜುವಾನಿ ಉಂಡು ಮನೆಗೆ ಹೋಗುತ್ತಿದ್ದನೇನೋ. ಇನ್ನೊಂದು ಕುಂದು ಇದಕ್ಕಿಂತ ದೊಡ್ಡದು. ಅದಕ್ಕೆ ಹಗೇವು ಕಾಕಾನ ಕಥೆ ಬೇಕು, ತಡೆಯಿರಿ.

ಅಳಿಯನಿಗೆ ಪುರಾಣ ಹಿಡಿಸಲಿಲ್ಲ. "ಅಲ್ಲ ಮಾವಾ, ನಮಗೂ ಇದು ಬರತೈತೇನು?" ಎಂದ. ನಮ್ಮ ದೇಶಕ್ಕೆಲ್ಲ ಇಂಥ ಪದ್ಧತಿ ತರಬೇಕೆಂದು ಕೇಂದ್ರ ಸರ್ಕಾರ ಆಲೋಚಿಸುತ್ತಿದೆ, ತಪ್ಪಿಗೆ ಕಡಿಯುವ ಅಂಕ, ಒಳ್ಳೆಯ ಚಾಲನೆಗೆ ಕೊಡುವ ಅಂಕ ಎರಡೂ ಇರುತ್ತವೆ ಎಂದು 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ಅದು ಬರುವತನಕ ನಮ್ಮಲ್ಲಿ ಇರುವುದು ಏನು? ಇದನ್ನು ನಾನು ಅವನಿಗೆ ಬಿಡಿಸಿ ಹೇಳಿದೆ, ಮಾಸ್ತರಿಕೆ ಬಿಟ್ಟರೂ ಚಟ ಬಿಡಬೇಕಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ ಹೆಲ್ಮೆಟ್ಟಿಲ್ಲದ ಸವಾರನಿಗೆ ಸಾವಿರ ರೂಪಾಯಿ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ ಎಂದು ಬರೆದರು. ಬೈಕಿನಲ್ಲಿ ಮೂವರು ಕೂತರೂ ಅದೇ. ದಂಡ ಬಹಳ ಆಯಿತೆಂದು ಜನ ಬೊಬ್ಬೆ ಹೊಡೆದಾಗ ಕರ್ನಾಟಕ ಸರ್ಕಾರ ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಾವಿರವನ್ನು ಐನೂರಕ್ಕೆ ಇಳಿಸಿತು. ಆ ಐನೂರೇ ನಮ್ಮ ಅಳಿಯನದು. ಮೂರು ತಿಂಗಳ ಮಾತು ಮಾತ್ರ ಕಾಯ್ದೆಯ ಪುಸ್ತಕದೊಳಗೆ ಮಲಗಿದೆ. ಮಲಗಿರುವುದೇ ವಾಸಿ, ಎದ್ದರೆ ನಮ್ಮ ಭಾಗದ ಸಂತೆಗಳು ನಡೆಯಲಾರವು.

ಇಲ್ಲೇ ತೊಡಕಿರುವುದು. ಒಂದು ಕಡೆ ಐನೂರು ಕೊಟ್ಟು ಕೈ ಝಾಡಿಸಿಕೊಳ್ಳುವ ದಾರಿ, ಇನ್ನೊಂದು ಕಡೆ ಒಂದೇ ತಪ್ಪಿಗೆ ಮೂರು ತಿಂಗಳು ಕಾಲ್ನಡಿಗೆ. ನಡುವೆ ಮೆಟ್ಟಿಲಿಲ್ಲ. ಮೊದಲನೆಯದು ತೀರ ಹಗುರ, ಎರಡನೆಯದು ಎಷ್ಟು ಭಾರ ಎಂದರೆ ಯಾರೂ ಎತ್ತುವುದೇ ಇಲ್ಲ. ನಾನು ಶಾಲೆಯಲ್ಲಿ ಕಂಡದ್ದೂ ಇದನ್ನೇ. ಹೋಂವರ್ಕ್ ಮಾಡದವನನ್ನು ಶಾಲೆ ಬಿಡಿಸುತ್ತೇನೆಂದು ಹೆದರಿಸುವ ಮಾಸ್ತರನಿಗೆ ಯಾರೂ ಹೆದರುವುದಿಲ್ಲ, ಶಾಲೆ ಬಿಡಿಸುವುದಿಲ್ಲ ಎಂದು ಹುಡುಗರಿಗೆ ಗೊತ್ತು. ಎರಡೇ ಎರಡು ಅಂಕ ಕಡಿದು ಕೆಂಪು ಶಾಯಿಯಲ್ಲಿ ಬರೆದಿಡುವ ಮಾಸ್ತರನಿಗೆ ಮಾತ್ರ ಎಲ್ಲರೂ ಹೆದರುತ್ತಾರೆ.

ದಂಡಕ್ಕೆ ಇನ್ನೊಂದು ಸೌಭಾಗ್ಯವೂ ಇದೆ: ರಿಯಾಯಿತಿ. 2023ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ಚಲನ್‌ಗಳಿಗೆ ಅರ್ಧಕ್ಕರ್ಧ ಬಿಟ್ಟರು. ಬೆಂಗಳೂರಿನ ಮಂದಿ ಮುಗಿಬಿದ್ದು ಕಟ್ಟಿದರು, ವಸೂಲಿ ನೂರು ಕೋಟಿ ದಾಟಿತು. 2025ರ ಆಗಸ್ಟಿನಲ್ಲಿ ಮತ್ತೆ ಅದೇ ಅರ್ಧ ಬೆಲೆ. ಅಂಗಡಿಯವರಿಗೆ ಇದು ಬಹಳ ಮೆಚ್ಚುಗೆ. "ಹಳೇ ಉದ್ರಿ ವಸೂಲಿಗೆ ಇದ ಉಪಾಯ. ನಾನೂ ಹಂಗ ಮಾಡ್ತೀನಿ," ಎಂದರು. ಆದರೆ ಆಷಾಢದ ಸೀರೆಯಂತೆ ದಂಡವೂ ಅರ್ಧ ಬೆಲೆಗೆ ಸಿಗುತ್ತದೆಂದು ತಿಳಿದವನು ಪೂರ್ತಿ ಬೆಲೆ ಯಾಕೆ ಕೊಟ್ಟಾನು? ಇನ್ನೊಂದು ರಿಯಾಯಿತಿ ಬರುವತನಕ ಕಾಯುತ್ತಾನೆ. ಪಾಯಿಂಟಿಗೆ ಈ ಆಟ ನಡೆಯುವುದಿಲ್ಲ. ಐನೂರು ರೂಪಾಯಿ ಎಂದರೆ ನಮ್ಮಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳ ದಿನದ ಕೂಲಿಗೂ ಹೆಚ್ಚು. ದೊಡ್ಡ ಕಾರಿನವನಿಗೆ ಒಂದು ಊಟದ ಬಿಲ್ಲೂ ಅಲ್ಲ. ಪಾಯಿಂಟು ಇಬ್ಬರಿಗೂ ಒಂದೇ ತೂಕ. ಹನ್ನೆರಡು ತುಂಬಿದ ದಿನ ಸಾಹುಕಾರನೂ ನಮ್ಮ ಜೊತೆ ಟಂಟಂ ಹತ್ತಬೇಕು.

ಹೊರದೇಶಗಳಲ್ಲಿ ಈ ಲೆಕ್ಕ ಎರಡು ನಮೂನೆಯಲ್ಲಿ ನಡೆಯುತ್ತದೆ. ಇಂಗ್ಲೆಂಡು, ಜರ್ಮನಿ, ದುಬೈ ಕಡೆ ಸೊನ್ನೆಯಿಂದ ಶುರು ಮಾಡಿ ತಪ್ಪಿಗೆ ತಪ್ಪು ಕೂಡಿಸುತ್ತಾರೆ. ಫ್ರಾನ್ಸು, ಇಟಲಿ ಕಡೆ ಮೊದಲೇ ಮಡಿಲು ತುಂಬಿ ಕೊಟ್ಟು ಆಮೇಲೆ ಕಡಿಯುತ್ತಾರೆ. ಫ್ರಾನ್ಸಿನಲ್ಲಿ ಹನ್ನೆರಡು, ಇಟಲಿಯಲ್ಲಿ ಇಪ್ಪತ್ತು. ಇಟಲಿಯಲ್ಲಿ ಎರಡು ವರ್ಷ ತಪ್ಪಿಲ್ಲದೆ ಗಾಡಿ ಓಡಿಸಿದರೆ ಎರಡು ಅಂಕ ಬಹುಮಾನ, ಹೀಗೆ ಮೂವತ್ತರ ತನಕ ಏರಬಹುದು. ಮಾಸ್ತರರಲ್ಲೂ ಈ ಎರಡು ಜಾತಿ ಇದ್ದರು. ಬರೆದದ್ದಕ್ಕೆ ಅಂಕ ಕೂಡಿಸುವವರು ಒಂದು, ನೂರು ಕೊಟ್ಟೇ ಬಿಟ್ಟಿದ್ದೇನೆ ಎಂದುಕೊಂಡು ಕಡಿಯುತ್ತ ಬರುವವರು ಇನ್ನೊಂದು. ಹುಡುಗರು ಹೆಚ್ಚು ಅಳುತ್ತಿದ್ದದ್ದು ಎರಡನೆಯವರ ಹತ್ತಿರ. ಕೈಗೆ ಬಂದದ್ದು ಹೋದರೆ ಆಗುವ ಸಂಕಟವೇ ಬೇರೆ. ಫ್ರಾನ್ಸಿನಲ್ಲಿ 1992ರ ಜುಲೈನಲ್ಲಿ ಇದು ಜಾರಿಗೆ ಬಂದಾಗ ಲಾರಿ ಡ್ರೈವರುಗಳು ಹೆದ್ದಾರಿಗಳಿಗೆ ಲಾರಿ ಅಡ್ಡ ನಿಲ್ಲಿಸಿ ದೇಶವನ್ನೇ ಕಟ್ಟಿಹಾಕಿದ್ದರು. ಇದನ್ನು ಹೇಳಿದಾಗ ನಮ್ಮ ಡ್ರೈವರನ ಕಣ್ಣು ಮಿಂಚಿದವು. "ನಮ್ಮವ್ರ ಅವ್ರು," ಎಂದ. "ದಿನಕ್ಕ ಅರ್ಧ ತಾಸು ಗಾಡಿ ಹೊಡಿಯಾಂವಗೂ ಹನ್ನೆರಡು, ಹಗಲೂ ರಾತ್ರಿ ಹೊಡಿಯಾಂವಗೂ ಹನ್ನೆರಡು ಅಂದ್ರ ಯಾವ ನ್ಯಾಯ್ರೀ?" ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಇಂಗ್ಲೆಂಡಿನದು ಮೂರು ವರ್ಷದಲ್ಲಿ ಹನ್ನೆರಡು. ತುಂಬಿದರೆ ಸಾಮಾನ್ಯವಾಗಿ ಕಡಿಮೆಯೆಂದರೂ ಆರು ತಿಂಗಳು ಗಾಡಿ ಮುಟ್ಟುವ ಹಾಗಿಲ್ಲ. ಹೊಸದಾಗಿ ಲೈಸೆನ್ಸು ಪಡೆದವನಿಗೆ ಮೊದಲ ಎರಡು ವರ್ಷ ಆರೇ ಗಡಿ. ಕೈಯಲ್ಲಿ ಮೊಬೈಲು ಹಿಡಿದು ಓಡಿಸಿದರೆ 2017ರಿಂದ ಒಂದೇ ಏಟಿಗೆ ಆರು ಪಾಯಿಂಟು. ಅಂದರೆ ಹೊಸಬನಿಗೆ ಒಂದೇ ಒಂದು "ಹಲೋ" ಸಾಕು.

ಪಾಯಿಂಟು ಎಷ್ಟು ಘನವಾದದ್ದು ಎನ್ನುವುದಕ್ಕೆ ಅಲ್ಲಿಯದೇ ಒಂದು ಕಥೆ ಇದೆ. ಕ್ರಿಸ್ ಹ್ಯೂನ್ ಎಂಬ ರಾಜಕಾರಣಿಯ ಕಾರು 2003ರಲ್ಲಿ ಅತಿವೇಗಕ್ಕೆ ಕ್ಯಾಮೆರಾದಲ್ಲಿ ಸಿಕ್ಕಿಬಿತ್ತು. ಲೈಸೆನ್ಸು ಹೋಗುತ್ತದೆಂಬ ಭಯಕ್ಕೆ, ಗಾಡಿ ಓಡಿಸುತ್ತಿದ್ದವಳು ತಾನೇ ಎಂದು ಹೆಂಡತಿ ವಿಕಿ ಪ್ರೈಸ್ ಪಾಯಿಂಟುಗಳನ್ನು ತನ್ನ ಹೆಸರಿಗೆ ಹಚ್ಚಿಕೊಂಡಳು. ಮುಂದೆ ಅವನು ಮಂತ್ರಿಯಾದ, ಸಂಸಾರ ಮುರಿಯಿತು, ಗುಟ್ಟು ಬಯಲಾಯಿತು. ಮಂತ್ರಿ ಪದವಿ ಹೋಗಿ, 2013ರ ಮಾರ್ಚಿನಲ್ಲಿ ಗಂಡನಿಗೂ ಹೆಂಡತಿಗೂ ತಲಾ ಎಂಟು ತಿಂಗಳು ಸಜೆ ಆಯಿತು. ನನ್ನ ಪಾಪದಲ್ಲಿ ಪಾಲು ತಗೋತೀರೇನು ಎಂದು ಕೇಳಿದರೆ ಹೆಂಡತಿ ಮಕ್ಕಳು ಒಲ್ಲೆವೆಂದ ಕಥೆ ನಮ್ಮಲ್ಲಿ ಇದೆಯಲ್ಲ, ಒಲ್ಲೆ ಎನ್ನುವುದು ಎಷ್ಟು ಶಾಣ್ಯಾತನ ಎಂದು ಇದನ್ನು ಓದಿದ ಮೇಲೆ ತಿಳಿಯಿತು. ಮನೆಯಲ್ಲಿ ಈ ಕಥೆ ಹೇಳಿದೆ. "ನಿಮ್ಮವು ನಿಮ್ಮ ಹೆಸರಿಗೇ ಇರಲಿ," ಎಂದು ಒಗ್ಗರಣೆ ಹಾಕುತ್ತಲೇ ಉತ್ತರ ಬಂತು.

ಇದೇ ಪದ್ಧತಿ ಲಕ್ಕಲಕಟ್ಟಿಗೆ ಬಂದರೆ? ಮೊದಲ ತೊಡಕು, ಪಾಯಿಂಟು ಯಾರ ಹೆಸರಿಗೆ? ದಂಡ ಗಾಡಿಗೆ ಹಾಕಬಹುದು, ಪಾಯಿಂಟು ಮನುಷ್ಯನಿಗೇ ಹಾಕಬೇಕು. ಕ್ಯಾಮೆರಾ ನೋಡುವುದು ನಂಬರ್ ಪ್ಲೇಟನ್ನು. ನಮ್ಮ ಓಣಿಯ ಬೈಕುಗಳ ಕಾಗದ ತೆಗೆದು ನೋಡಿ. ಒಂದು ತೀರಿಹೋದ ಅಪ್ಪನ ಹೆಸರಿನಲ್ಲಿದೆ, ಒಂದು ಮಾವ ವರೋಪಚಾರಕ್ಕೆ ಕೊಟ್ಟದ್ದು, ಮಾವನ ಹೆಸರಿನಲ್ಲೇ ಇದೆ. ಇನ್ನೊಂದು ಮೂರು ಕೈ ದಾಟಿ ಬಂದಿದೆ, ಮೊದಲ ಮಾಲೀಕ ಎಲ್ಲಿದ್ದಾನೋ, ಯಾವ ಊರಲ್ಲಿ ಕೂತು ಯಾರ ದಂಡದ ಮೆಸೇಜು ಓದುತ್ತಿದ್ದಾನೋ. ಎರಡನೆಯ ತೊಡಕನ್ನು ಅಳಿಯನೇ ಎತ್ತಿದ. "ಲೈಸೆನ್ಸ ಇಲ್ಲದಾಂವಗ ಪಾಯಿಂಟ್ ಎಲ್ಲಿ ಹಚ್ತಾರ ಮಾವಾ?" ಕೇಳಿದ ದನಿಯಲ್ಲಿ ಸ್ವಲ್ಪ ಅಸೂಯೆ ಇತ್ತು. ಲೈಸೆನ್ಸು ಮಾಡಿಸಿದವನು ಕಳೆದುಕೊಳ್ಳುತ್ತಾನೆ, ಮಾಡಿಸದವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಅವನಿಗೆ ಬೇರೆಯೇ ದಂಡ ಉಂಟು ಎಂದು ಹೇಳಿ ಸಮಾಧಾನ ಮಾಡಿದೆ, ಆದರೆ ಪ್ರಶ್ನೆ ಬಲವಾಗಿಯೇ ಇತ್ತು.

ಮೂರನೆಯದು ನಮ್ಮ ರಸ್ತೆಯೇ. ಸುಗ್ಗಿ ಬಂತೆಂದರೆ ಹೆಸರು, ಹುರಳಿ ಗಿಡ ತಂದು ಡಾಂಬರು ರಸ್ತೆಗೆ ಹಾಸುತ್ತಾರೆ. ಬಸ್ಸು, ಲಾರಿ, ಕಾರು ಎಲ್ಲ ಅದರ ಮೇಲೆ ಹಾಯ್ದು ಒಕ್ಕಣೆ ಮಾಡಿಕೊಟ್ಟು ಹೋಗಬೇಕು, ಕೂಲಿ ಕೇಳುವ ಹಾಗಿಲ್ಲ. ಬೈಕಿನವನು ಹೊಟ್ಟಿನ ಮೇಲೆ ಜಾರಿ ಬಿದ್ದರೆ "ನೋಡ್ಕೊಂಡು ಬರಬೇಕಪ್ಪಾ" ಎಂದು ನೀರು ಕುಡಿಸುತ್ತಾರೆ. ರಸ್ತೆಯನ್ನೇ ಕಣ ಮಾಡಿದವನಿಗೆ ಎಷ್ಟು ಪಾಯಿಂಟು? ಹತ್ತಿ ಬಿಡಿಸುವ ಹೊತ್ತಿನಲ್ಲಿ ಟಂಟಂ, ಟ್ರ್ಯಾಕ್ಟರಿನಲ್ಲಿ ಹೆಣ್ಣುಮಕ್ಕಳನ್ನು ನಿಲ್ಲಿಸಿಕೊಂಡು ಹೋಗುತ್ತಾರೆ. ಸರಕು ಗಾಡಿಯಲ್ಲಿ ಮಂದಿಯನ್ನು ಒಯ್ದರೆ ಲೈಸೆನ್ಸು ಮೂರು ತಿಂಗಳಾದರೂ ಅಮಾನತಾಗಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ಹೇಳಿದ್ದು ಸರಿ. ಆ ಗಾಡಿ ಮಗುಚಿದ ದಿನ ಯಾವ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂಬುದನ್ನು ನಾವು ಕಂಡವರೇ. ಆದರೆ ಬೆಳಗಿನ ಏಳಕ್ಕೆ ಆ ಹೊಲದ ದಾರಿಗೆ ಬೇರೆ ಯಾವ ಗಾಡಿಯೂ ಬರುವುದಿಲ್ಲ. ಇದಕ್ಕೆ ಅಂಕ ಯಾರಿಗೆ ಕಡಿಯಬೇಕೋ, ನಾನು ಪೆನ್ನು ಕೆಳಗಿಡುತ್ತೇನೆ.

ಈಗ ಕಾಕಾನ ಕಥೆ. ನಾನು ನೌಕರಿಗೆ ಸೇರಿದ ವರ್ಷ ಕಾಕಾ ಹೊಸ ಟ್ರ್ಯಾಕ್ಟರ್ ತಂದರು. ಪೂಜೆ ಆಯಿತು, ಕಾಯಿ ಒಡೆಯಿತು, ಗಾಲಿ ಕೆಳಗಿನ ನಿಂಬೆಹಣ್ಣು ಹಿಚುಕಲು ಮುಂದೆ ಹೋಗಬೇಕಾದ ಗಾಡಿ ಹಿಂದೆ ಹೋಯಿತು. ಮನೆ ಮಗ್ಗುಲಲ್ಲಿ ಅಜ್ಜನ ಕಾಲದ, ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು, ಬಾಯಿಗೆ ಬರೀ ಕಲ್ಲುಚಪ್ಪಡಿ. ಹಿಂದಿನ ಗಾಲಿ ಅದರೊಳಗೆ ಇಳಿದುಬಿಟ್ಟಿತು. ಎಂಟು ಎತ್ತು ಹೂಡಿ ಎಳೆದರು. ಯಾರಿಗೂ ಪೆಟ್ಟಾಗಲಿಲ್ಲ, ಜೋಳವೂ ಇರಲಿಲ್ಲ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಕಾಕಾ ಟ್ರ್ಯಾಕ್ಟರ್ ಓಡಿಸಿದರು, ಒಂದು ಕೋಳಿಯನ್ನೂ ತುಳಿಸಲಿಲ್ಲ. ಆದರೆ ಅಂದು ಸಂಜೆ ಕಟ್ಟಿಯ ಮೇಲೆ ಬಿದ್ದ ಹೆಸರು ಇವತ್ತಿಗೂ ಇದೆ. ಮೊಮ್ಮಗನಿಗೆ ಹೆಣ್ಣು ನೋಡಲು ಹೋದಾಗ ಬೀಗರು ಕೇಳಿದ್ದು, "ಹಗೇವಿನವರ ಮನಿಯವ್ರಲ್ರೀ?"

ಶಿಶುಪಾಲನ ಲೆಕ್ಕದ ಎರಡನೆಯ ಕುಂದು ಇದೇ. ಬರೆದದ್ದು ಅಳಿಸುತ್ತಿರಲಿಲ್ಲ. ಹುಡುಗತನದಲ್ಲಿ ಮಾಡಿದ ಮೊದಲನೆಯ ತಪ್ಪು ರಾಜಸೂಯದ ದಿನವೂ ಹಸಿಯಾಗಿಯೇ ಇತ್ತು. ಜರ್ಮನಿಯಲ್ಲಿ ಹಾಗಿಲ್ಲ. ಅಲ್ಲಿ ದೇಶದವರ ಪಾಯಿಂಟೆಲ್ಲ ಡೆನ್ಮಾರ್ಕ್ ಗಡಿಯ ಫ್ಲೆನ್ಸ್‌ಬುರ್ಗ್ ಎಂಬ ಊರಿನ ಒಂದು ಕಚೇರಿಯಲ್ಲಿ ದಾಖಲಾಗುತ್ತದೆ. 2014ರ ಮೇ ತಿಂಗಳಿಂದ ಎಂಟಕ್ಕೆ ಲೈಸೆನ್ಸು ರದ್ದು. ಆದರೆ ಒಂದು ಪಾಯಿಂಟಿನ ತಪ್ಪು ಎರಡೂವರೆ ವರ್ಷಕ್ಕೆ ಅಳಿಯುತ್ತದೆ, ಎರಡರದು ಐದು ವರ್ಷಕ್ಕೆ, ತೀರ ಘೋರವಾದ ಮೂರರದೂ ಹತ್ತು ವರ್ಷಕ್ಕೆ. ಫ್ರಾನ್ಸಿನಲ್ಲಿ ಎರಡು ದಿನ ತರಗತಿಗೆ ಕೂತರೆ ನಾಲ್ಕರ ತನಕ ವಾಪಸು. ದುಬೈ ಕಡೆ ಇಪ್ಪತ್ನಾಲ್ಕು ಕಪ್ಪು ಪಾಯಿಂಟಿಗೆ ಲೈಸೆನ್ಸು ಹೋಗುತ್ತದೆ, ಆದರೆ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಅಪಘಾತ ಮಾಡುವುದಿಲ್ಲವೆಂದು ಪ್ರತಿಜ್ಞೆ ಬರೆದುಕೊಟ್ಟು ಹಾಗೇ ನಡೆದುಕೊಂಡರೆ ನಾಲ್ಕು ಕಳೆಯುತ್ತಾರೆ. ಬರೆದಿಡುವ ಕಚೇರಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ, ಇಂಥ ದಿನ ಅಳಿಸುತ್ತೇನೆ ಎಂದು ತಾರೀಖು ಹೇಳಿ ಬರೆದುಕೊಳ್ಳುವ ಕಚೇರಿ ಆ ಫ್ಲೆನ್ಸ್‌ಬುರ್ಗಿನದೊಂದನ್ನೇ ನಾನು ಕೇಳಿದ್ದು. ಈ ಪಾಯಿಂಟಿನ ಪದ್ಧತಿಯಲ್ಲಿ ನನಗೆ ಹಿಡಿಸಿದ ಭಾಗ ಹನ್ನೆರಡಲ್ಲ, ಎಂಟಲ್ಲ, ಈ ಅಳಿಸುವ ರಬ್ಬರು.

ಇದನ್ನು ಕೇಳಿ ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಟ್ರ್ಯಾಕ್ಟರ್ ಹಗೇವಿಗೆ ಹೋದ್ರ ಎಷ್ಟು ವರ್ಷಕ್ಕ ಅಳಸ್ತಾರಂತ ಅಲ್ಲಿ?" ಎಂದು ಕೇಳಿದರು.

"ಅಲ್ಲಿ ಹಗೇವು ಇರೂದಿಲ್ರಿ ಕಾಕಾ," ಎಂದ ಡ್ರೈವರ್.

"ಹಂಗಾರ ಬಿಡು."

ಅಂಗಡಿಯವರು ಎದ್ದರು, ದೀಪ ಹಚ್ಚುವ ಹೊತ್ತಾಗಿತ್ತು. ಅಳಿಯ ಬೈಕಿನ ಹತ್ತಿರ ಹೋಗಿ, ನಮ್ಮ ಕಡೆ ಒಮ್ಮೆ ನೋಡಿ, ಹೆಲ್ಮೆಟ್ಟನ್ನು ಟಾಕಿಯಿಂದ ತೆಗೆದು ತಲೆಗೆ ಹಾಕಿಕೊಂಡ. ಪಟ್ಟಿಯನ್ನೂ ಬಿಗಿದ. ಮನೆ ಇರುವುದು ಮುಂದಿನ ಓಣಿಯಲ್ಲಿ, ನಡೆದರೆ ಐವತ್ತು ಹೆಜ್ಜೆ. ಗಾಡಿ ಚಾಲೂ ಆಗುವಷ್ಟರಲ್ಲಿ ಕಟ್ಟಿಯ ಆಚೆ ಬದಿ ಕೂತಿದ್ದ ಹುಡುಗರಲ್ಲಿ ಒಬ್ಬ ಕೂಗಿದ:

"ಏ ಟಾಕಿ! ನಾಳೆ ಸಂತಿಗೆ ಹೊಂಟ್ರ ನನ್ನೂ ಕರ್ಕೊಂಡು ಹೋಗಲೇ!"